ನೆಲಕ್ಕೊಂದು ಪಟ್ಟಿ ಇದೆ, ಬಾಹ್ಯಾಕಾಶಕ್ಕೆ ಇಲ್ಲ

[ದೃಶ್ಯ: ಹುಬ್ಬಳ್ಳಿ–ಧಾರವಾಡ ರಸ್ತೆ, ಚಿಗರಿ ಬಸ್]

ನಮಸ್ಕಾರ. ಹುಬ್ಬಳ್ಳಿಯಲ್ಲಿ ಚಿಗರಿ ಬಸ್ ಹತ್ತಿದವರು ಧಾರವಾಡದ ಜುಬಿಲಿ ಸರ್ಕಲ್‌ನಲ್ಲಿ ಇಳಿಯಲು ಅರ್ಧ ಗಂಟೆಗೂ ಹೆಚ್ಚು ಹೊತ್ತು ಹಿಡಿಯುತ್ತದೆ. ಸುಮಾರು 20 ಕಿಲೋಮೀಟರ್‌ಗಳ ಈ ದೂರವನ್ನು ಕೆಳಕಕ್ಷೆಯ ಉಪಗ್ರಹವೊಂದು ಮೂರು ಸೆಕೆಂಡಿನೊಳಗೆ ದಾಟುತ್ತದೆ. ಉಪಗ್ರಹ ಒಡೆದರೆ ಅದರ ಚೂರುಗಳೂ ಹೆಚ್ಚುಕಡಿಮೆ ಅದೇ ವೇಗದಲ್ಲಿ ಸುತ್ತುತ್ತವೆ. ಈ ವೇಗ ನೆನಪಿನಲ್ಲಿರಲಿ. ಕ್ಷಿಪಣಿಯಿಂದ ಉಪಗ್ರಹ ಒಡೆಯುವ ಪರೀಕ್ಷೆಗಳೇ ಇಂದಿನ ವಿಷಯ. ಮೊದಲು ನೆಲದ ಕಥೆ ನೋಡೋಣ.

[ದೃಶ್ಯ: ದಕ್ಷಿಣ ಏಷ್ಯಾದ ನಕ್ಷೆ]

ಚೀನಾ 1964ರಲ್ಲಿ, ಭಾರತ 1974ರಲ್ಲಿ ಮೊದಲ ಅಣು ಪರೀಕ್ಷೆ ನಡೆಸಿದವು. 1998ರ ಮೇ 11 ಮತ್ತು 13ರಂದು ಭಾರತ ಪೋಖ್ರಾನ್‌ನಲ್ಲಿ ಮತ್ತೆ ಪರೀಕ್ಷೆ ನಡೆಸಿದಾಗ, ಅದೇ 28ರಂದು ಪಾಕಿಸ್ತಾನ ಚಾಗೈ ಬೆಟ್ಟಗಳಲ್ಲಿ ಉತ್ತರ ಕೊಟ್ಟಿತು. ಇದು ಬಹುತೇಕರಿಗೆ ಗೊತ್ತಿರುವ ಕಥೆ. ಅಷ್ಟಾಗಿ ಸುದ್ದಿಯಾಗದ ಸಂಗತಿಯೆಂದರೆ, ಪರಸ್ಪರರ ಅಣು ಸ್ಥಾವರಗಳ ಮೇಲೆ ದಾಳಿ ಮಾಡಬಾರದೆಂದು ಭಾರತ ಮತ್ತು ಪಾಕಿಸ್ತಾನ 1988ರ ಡಿಸೆಂಬರ್ 31ರಂದೇ ಒಪ್ಪಂದ ಮಾಡಿಕೊಂಡಿದ್ದು, 1992ರಿಂದ ಪ್ರತಿ ಜನವರಿ 1ರಂದು ತಮ್ಮ ಸ್ಥಾವರಗಳ ಪಟ್ಟಿಯನ್ನು ವಿನಿಮಯ ಮಾಡಿಕೊಳ್ಳುತ್ತಿವೆ ಎಂಬುದು. ಕಾರ್ಗಿಲ್ ಯುದ್ಧದ ನಂತರದ ಜನವರಿಯಲ್ಲೂ ಈ ಪದ್ಧತಿ ನಿಲ್ಲಲಿಲ್ಲ. ಪಟ್ಟಿಯನ್ನು ಬಹಿರಂಗಪಡಿಸುವುದಿಲ್ಲವಾದರೂ, ಒಪ್ಪಂದದ ವ್ಯಾಖ್ಯೆಯಲ್ಲಿ ಅಣು ವಿದ್ಯುತ್ ಸ್ಥಾವರಗಳೂ ಸೇರಿರುವುದರಿಂದ, ಧಾರವಾಡ ಮತ್ತು ಹಾವೇರಿಯವರಿಗೆ ನೆರೆಯ ಜಿಲ್ಲೆಯಾದ ಉತ್ತರ ಕನ್ನಡದ ಕೈಗಾಕ್ಕೂ ಆ ರಕ್ಷಣೆ ಅನ್ವಯಿಸುತ್ತದೆ.

ಬಾಹ್ಯಾಕಾಶದಲ್ಲಿ ಇಂಥ ಏರ್ಪಾಡು ಇಲ್ಲ. 1967ರ ಬಾಹ್ಯಾಕಾಶ ಒಪ್ಪಂದವು ಅಣ್ವಸ್ತ್ರವನ್ನು ಕಕ್ಷೆಯಲ್ಲಿ ಇಡುವುದನ್ನು ನಿಷೇಧಿಸುತ್ತದೆಯೇ ಹೊರತು, ನೆಲದಿಂದ ಕ್ಷಿಪಣಿ ಹಾರಿಸಿ ಉಪಗ್ರಹವನ್ನು ಹೊಡೆಯಬಾರದೆಂದು ಎಲ್ಲಿಯೂ ಹೇಳುವುದಿಲ್ಲ.

[ದೃಶ್ಯ: ಭೂಮಿಯ ಸುತ್ತ ಎರಡು ಕಕ್ಷೆಗಳ ಅನಿಮೇಷನ್]

ಚೀನಾ 2007ರ ಜನವರಿಯಲ್ಲಿ ತನ್ನದೇ ಹಳೆಯ ಹವಾಮಾನ ಉಪಗ್ರಹವನ್ನು ಸುಮಾರು 865 ಕಿಲೋಮೀಟರ್ ಎತ್ತರದಲ್ಲಿ ಒಡೆಯಿತು. ಅದರಿಂದ ಹುಟ್ಟಿದ, ಪತ್ತೆಹಚ್ಚಬಹುದಾದ ಚೂರುಗಳೇ 3,000ಕ್ಕೂ ಹೆಚ್ಚು. ಅಷ್ಟು ಎತ್ತರದಲ್ಲಿ ಗಾಳಿಯ ತಡೆ ಇಲ್ಲವೆನ್ನುವಷ್ಟು ಕಡಿಮೆಯಿರುವುದರಿಂದ ಅವುಗಳಲ್ಲಿ ಬಹಳಷ್ಟು ಇಂದಿಗೂ ಸುತ್ತುತ್ತಿವೆ. ಭಾರತ ತನ್ನದೇ ಉಪಗ್ರಹವನ್ನು ಕ್ಷಿಪಣಿಯಿಂದ ಹೊಡೆದ 2019ರ ಮಾರ್ಚ್ 27ರ 'ಮಿಷನ್ ಶಕ್ತಿ' ಪರೀಕ್ಷೆಗೆ ಸುಮಾರು 300 ಕಿಲೋಮೀಟರ್ ಎತ್ತರವನ್ನು ಆರಿಸಿಕೊಂಡದ್ದು ಇದೇ ಕಾರಣಕ್ಕೆ. ಹೆಚ್ಚಿನ ಚೂರುಗಳು ಕೆಲವೇ ತಿಂಗಳಲ್ಲಿ ವಾತಾವರಣಕ್ಕೆ ಇಳಿದು ಉರಿದುಹೋದರೂ, ಕೆಲವು ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣಕ್ಕಿಂತ ಮೇಲಕ್ಕೆ ಚಿಮ್ಮಿದ್ದವು. ಲೆಕ್ಕಾಚಾರ ಎಷ್ಟೇ ಜಾಗರೂಕವಾಗಿದ್ದರೂ ಸ್ಫೋಟ ಅದಕ್ಕೆ ಪೂರ್ತಿ ಬದ್ಧವಾಗಿರುವುದಿಲ್ಲವೆಂದೇ ನನ್ನ ಅಭಿಪ್ರಾಯ.

[ದೃಶ್ಯ: ಹಾವೇರಿ ಜಿಲ್ಲೆಯ ಗೋವಿನಜೋಳದ ಹೊಲ]

ಬೆಳೆಯ ವಿಸ್ತೀರ್ಣ ಅಂದಾಜಿಸಲು ನೆರವಾಗುವ ನಮ್ಮ ರಿಸೋರ್ಸ್‌ಸ್ಯಾಟ್ ಉಪಗ್ರಹಗಳನ್ನು ಇರಿಸಿದ್ದು ಸುಮಾರು 817 ಕಿಲೋಮೀಟರ್ ಎತ್ತರದಲ್ಲಿ, ಅಂದರೆ ಚೀನಾದ ಆ ಚೂರುಗಳು ಹರಡಿರುವ ವಲಯದಲ್ಲಿಯೇ. ಇನ್‌ಸ್ಯಾಟ್ ಮೋಡಚಿತ್ರ ನೋಡಿ ಬ್ಯಾಡಗಿಯಲ್ಲಿ ಮೆಣಸಿನಕಾಯಿ ಒಣಹಾಕುವವರು ಮಾತ್ರ ಇದಕ್ಕೆ ಚಿಂತಿಸಬೇಕಿಲ್ಲ. ಆ ಉಪಗ್ರಹಗಳಿರುವುದು 36,000 ಕಿಲೋಮೀಟರ್ ಮೇಲೆ.

ಇದಕ್ಕಿಂತ ದೊಡ್ಡ ಅಪಾಯ ತಪ್ಪು ತಿಳಿವಳಿಕೆಯದು. 2022ರ ಮಾರ್ಚ್ 9ರಂದು ಭಾರತದ ಕ್ಷಿಪಣಿಯೊಂದು ಆಕಸ್ಮಿಕವಾಗಿ ಹಾರಿ ಪಾಕಿಸ್ತಾನದ ಮಿಯಾನ್ ಚನ್ನು ಬಳಿ ಬಿದ್ದಾಗ, ಅದೃಷ್ಟವಶಾತ್ ಯಾರೂ ಸಾಯಲಿಲ್ಲ, ಪ್ರತಿದಾಳಿಯೂ ನಡೆಯಲಿಲ್ಲ. ಅಂಥದೇ ಗಳಿಗೆಯಲ್ಲಿ ಸೇನೆಗೆ ಕಣ್ಣಾಗಿರುವ ಉಪಗ್ರಹವೊಂದು ಚೂರು ಬಡಿದು ಮೌನವಾದರೆ, ಅದು ಅಪಘಾತವೋ ದಾಳಿಯೋ ಎಂದು ನಿರ್ಧರಿಸಲು ಉಳಿಯುವುದು ಕೆಲವೇ ನಿಮಿಷ.

ಕ್ಷಿಪಣಿಯಿಂದ ಉಪಗ್ರಹ ಒಡೆಯುವ ವಿನಾಶಕಾರಿ ಪರೀಕ್ಷೆ ನಡೆಸದಿರಲು ರಾಷ್ಟ್ರಗಳನ್ನು ಕೋರುವ ನಿರ್ಣಯ 2022ರ ಡಿಸೆಂಬರ್‌ನಲ್ಲಿ ವಿಶ್ವಸಂಸ್ಥೆಯ ಮಹಾಸಭೆಯಲ್ಲಿ ಅಂಗೀಕಾರವಾಯಿತು. ಚೀನಾ ವಿರುದ್ಧವಾಗಿ ಮತ ಹಾಕಿತು. ಭಾರತ ಮತದಾನದಿಂದ ದೂರ ಉಳಿಯಿತು.