ಅಚ್ಚು ಮೂಳೆಯ ಮೇಲೆ ಸರಿಯಾಗಿ ಕೂತಿದೆಯಾ?

ಎಲ್ಲರಿಗೂ ನಮಸ್ಕಾರ. ಮಂಡಿ ಬದಲಾವಣೆಯಲ್ಲಿ ಮೂಳೆ ಕತ್ತರಿಸಲು ಬಳಸುವ, ರೋಗಿಗೆಂದೇ ಮಾಡಿದ ಅಚ್ಚಿನ ಬಗ್ಗೆ ಇವತ್ತಿನ ಮಾತು.

ಮಂಡಿ ಬದಲಾವಣೆ ಅಂದ ತಕ್ಷಣ ಇಡೀ ಮಂಡಿಯನ್ನೇ ಕಿತ್ತು ಹೊಸದು ಹಾಕುತ್ತಾರೆ ಅಂತ ತುಂಬಾ ಜನ ಅಂದುಕೊಂಡಿರುತ್ತಾರೆ. ಹಾಗಲ್ಲ. ತೊಡೆ ಮೂಳೆಯ ಕೆಳತುದಿಯಿಂದ ಮತ್ತು ಅದರ ಕೆಳಗಿನ ಮೂಳೆಯ ತಲೆಯಿಂದ ಸುಮಾರು 8ರಿಂದ 10 ಮಿಲಿಮೀಟರ್ ದಪ್ಪದ ಚೂರುಗಳನ್ನು ಗರಗಸದಲ್ಲಿ ತೆಗೆಯುತ್ತೇವೆ, ಅಷ್ಟೆ. ಆ ಜಾಗದಲ್ಲಿ ಲೋಹ ಮತ್ತು ಪ್ಲಾಸ್ಟಿಕ್‌ನ ಭಾಗಗಳು ಕೂರುತ್ತವೆ. ಮೂಳೆಯನ್ನು ಯಾವ ಕೋನದಲ್ಲಿ ಕತ್ತರಿಸಿದ್ದೇವೋ ಹೊಸ ಕೀಲೂ ಅದೇ ಕೋನದಲ್ಲಿ ಇರುತ್ತದೆ.

ಸೊಂಟದ ಕೀಲಿನ ನಡುವಿನಿಂದ ಕಾಲಿನ ಹರಡಿನ ನಡುವಿಗೆ ಒಂದು ದಾರ ಎಳೆಯಿರಿ. ಅದು ಮಂಡಿಯ ನಡುವೆ ಹಾಯಬೇಕು. ಬಹುಕಾಲದಿಂದ ನಾವು ಇಟ್ಟುಕೊಂಡಿರುವ ಗುರಿ ಇದು. 3 ಡಿಗ್ರಿ ಆಚೀಚೆ ಆದರೆ ಪರವಾಗಿಲ್ಲ ಅಂತ ಲೆಕ್ಕ. (ಎಲ್ಲರ ಕಾಲಿಗೂ ಇದೇ ಗುರಿ ಯಾಕೆ ಅನ್ನುವ ಚರ್ಚೆ ಈಗ ಜೋರಾಗಿದೆ. ಅದು ಬೇರೆಯದೇ ದಿನದ ಮಾತು.)

ಹಳೆಯ ವಿಧಾನದಲ್ಲಿ ತೊಡೆ ಮೂಳೆಯ ಟೊಳ್ಳಿನೊಳಗೆ ಒಂದು ಸರಳು ತೂರಿಸಿ, ಅದರ ಆಧಾರದಲ್ಲಿ ಕೋನ ಹಿಡಿಯುತ್ತೇವೆ. ಮೂಳೆ ಬಿಲ್ಲಿನಂತೆ ಬಾಗಿದ್ದರೆ ಸರಳು ದಾರಿ ತಪ್ಪಿಸುತ್ತದೆ. ಇದಕ್ಕೆ ಉತ್ತರವಾಗಿ ಬಂದದ್ದು ರೋಗಿಗೆಂದೇ ಮಾಡಿದ ಕಟಿಂಗ್ ಗೈಡ್, ಅಂದರೆ ಮೂಳೆಯ ಮೇಲೆ ಕೂತು ಗರಗಸಕ್ಕೆ ದಾರಿ ತೋರಿಸುವ ಅಚ್ಚು. ಮೊದಲು ಸಿಟಿ ಅಥವಾ ಎಂಆರ್‌ಐ ಸ್ಕ್ಯಾನ್ ಮಾಡುತ್ತಾರೆ. ಕಂಪ್ಯೂಟರಿನಲ್ಲಿ ಮೂಳೆಯ ಮಾದರಿ ಕಟ್ಟಿ, ಎಲ್ಲಿ ಕತ್ತರಿಸಬೇಕು ಅಂತ ಮೊದಲೇ ಗುರುತು ಮಾಡುತ್ತಾರೆ. ಆಮೇಲೆ ಅದೇ ಮೂಳೆಗೆ ಹೊಂದುವ ನೈಲಾನ್ ಅಚ್ಚನ್ನು 3ಡಿ ಪ್ರಿಂಟ್ ಮಾಡುತ್ತಾರೆ.

ಕೇಳಲು ಎಷ್ಟು ಚೆನ್ನಾಗಿದೆ, ಅಲ್ವಾ? ನನಗೂ ಮೊದಲು ನೋಡಿದಾಗ ತುಂಬಾ ಖುಷಿಯಾಗಿತ್ತು. ಆದರೆ ಪ್ಲಾನ್ ಎಷ್ಟೇ ನಿಖರವಾಗಿರಲಿ, ಆ ನಿಖರತೆ ಮೂಳೆಗೆ ತಲುಪುವುದು ಅಚ್ಚು ಸರಿಯಾಗಿ ಕೂತಾಗ ಮಾತ್ರ.

ಲೆಕ್ಕ ಹಾಕಿ ನೋಡೋಣ. ಅಚ್ಚು ಮೂಳೆಯನ್ನು ಮುಟ್ಟುವ ಜಾಗ 40 ಮಿಲಿಮೀಟರ್ ಉದ್ದ ಇದೆ ಅಂದುಕೊಳ್ಳಿ. ಒಂದು ತುದಿಯಲ್ಲಿ ಚೂರು ಮಾಂಸ ಸಿಕ್ಕಿ 2 ಮಿಲಿಮೀಟರ್ ಎತ್ತರಿಸಿತು. ಕೋನ ಹೆಚ್ಚುಕಡಿಮೆ 3 ಡಿಗ್ರಿ ಬದಲಾಯಿತು! ನಮಗಿದ್ದ ಅವಕಾಶವೆಲ್ಲ ಅಲ್ಲಿಗೇ ಮುಗಿಯಿತು.

ಅಚ್ಚು ಸರಿಯಾಗಿ ಕೂರದಿರಲು ಕಾರಣಗಳು ಬೇಕಾದಷ್ಟಿವೆ. ಸವೆದ ಮಂಡಿಯ ಅಂಚಿನಲ್ಲಿ ಮೂಳೆ ಮುಳ್ಳಿನಂತೆ ಬೆಳೆದಿರುತ್ತದೆ. ಅಚ್ಚು ಕೆಲವೊಮ್ಮೆ ಆ ಮುಳ್ಳುಗಳನ್ನೇ ಆಧಾರ ಮಾಡಿಕೊಂಡಿರುತ್ತದೆ. ಅವನ್ನು ಮೊದಲೇ ಕಿತ್ತರೆ ಆಧಾರವೇ ಹೋಯಿತು. ಸ್ಕ್ಯಾನ್ ಹಳೆಯದಾದರೆ ಅಷ್ಟರಲ್ಲಿ ಮೂಳೆಯೇ ಬದಲಾಗಿರಬಹುದು. ಸಿಟಿಯಲ್ಲಿ ಕಾರ್ಟಿಲೇಜ್, ಅಂದರೆ ಮೂಳೆಯ ತುದಿಯನ್ನು ಹೊದ್ದಿರುವ ನುಣುಪಾದ ಪದರ, ಸರಿಯಾಗಿ ಕಾಣುವುದಿಲ್ಲ. ಹಾಗಾಗಿ ಸಿಟಿ ನೋಡಿ ಮಾಡಿದ ಅಚ್ಚು ತಾಗುವ ಕಡೆ ಅದನ್ನು ಮೂಳೆಯವರೆಗೆ ಕೆರೆದು ತೆಗೆಯಬೇಕು. ಎಂಆರ್‌ಐ ನೋಡಿ ಮಾಡಿದ್ದರೆ ಅದನ್ನು ಮುಟ್ಟಲೇಬಾರದು!

ತೊಡೆ ಮೂಳೆಯ ತುದಿಯಲ್ಲಿ ಉಬ್ಬುತಗ್ಗು ಜಾಸ್ತಿ, ಅಚ್ಚು ಕಚ್ಚಿ ಕೂರುತ್ತದೆ. ಕೆಳಗಿನ ಮೂಳೆಯ ಮುಂಭಾಗ ನುಣುಪು, ಹಿಂಭಾಗಕ್ಕೆ ಅಚ್ಚು ತಲುಪುವುದೇ ಇಲ್ಲ. ಅದಕ್ಕೇ ಅಲ್ಲಿ ಹಿಂದಕ್ಕೆ ಕೊಡಬೇಕಾದ ಇಳಿಜಾರು ತಪ್ಪುವುದು ಹೆಚ್ಚು. ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದಾಗಲೂ ಇದೇ ಕಂಡಿದೆ. ಇಡೀ ಕಾಲಿನ ನೇರದಲ್ಲಿ ಹಳೆಯ ವಿಧಾನಕ್ಕಿಂತ ಸ್ಪಷ್ಟವಾದ, ಮತ್ತೆ ಮತ್ತೆ ಕಾಣುವ ಲಾಭ ಸಿಕ್ಕಿಲ್ಲ. ರೋಗಿಯ ನೋವು, ಓಡಾಟದಲ್ಲೂ ಹೇಳಿಕೊಳ್ಳುವಂಥ ವ್ಯತ್ಯಾಸ ಕಂಡಿಲ್ಲ.

ಹಾಗಂತ ಇದನ್ನು ಪಕ್ಕಕ್ಕೆ ಎಸೆಯುವವನು ನಾನಲ್ಲ. ಹಿಂದೆ ತೊಡೆ ಮುರಿದು ಒಳಗೆ ರಾಡ್ ಹಾಕಿಸಿಕೊಂಡವರಿದ್ದಾರೆ. ಮೂಳೆ ಡೊಂಕಾಗಿ ಕೂಡಿಕೊಂಡವರಿದ್ದಾರೆ. ಅವರ ಮೂಳೆಯೊಳಗೆ ಸರಳು ತೂರಿಸಲು ದಾರಿಯೇ ಇರುವುದಿಲ್ಲ. ಅಂಥ ಕಡೆ ಈ ಅಚ್ಚು ನಿಜವಾದ ಆಸರೆ.

ಯಾವಾಗ ಬಳಸಿದರೂ ಸುಮ್ನೆ ನಂಬಿ ಗರಗಸ ಓಡಿಸಬಾರದು. ಪ್ಲಾನನ್ನು ಎಂಜಿನಿಯರ್ ಕಳಿಸಿದ ಹಾಗೇ ಒಪ್ಪದೆ, ಸರ್ಜನ್ ಕೂತು ತಿದ್ದಬೇಕು. ಕತ್ತರಿಸುವ ಮೊದಲು ಉದ್ದನೆಯ ಕಡ್ಡಿ ಹಿಡಿದು ಹರಡಿನ ಕಡೆಗೆ ನೇರ ನೋಡಬೇಕು. ಇಲ್ಲಿ 1 ಡಿಗ್ರಿ ತಪ್ಪಿದರೆ ಹರಡಿನ ಹತ್ತಿರ 6 ಮಿಲಿಮೀಟರ್ ಆಗಿ ಕಣ್ಣಿಗೆ ಬೀಳುತ್ತದೆ. ಕತ್ತರಿಸಿದ ಮೇಲೆ ಮೂಳೆ ಚೂರುಗಳನ್ನು ಕ್ಯಾಲಿಪರ್‌ನಲ್ಲಿ ಅಳೆಯಬೇಕು. ಗರಗಸ ತಿಂದ ಮೂಳೆಯನ್ನೂ ಸೇರಿಸಿ ಪ್ಲಾನಿನ ಜೊತೆ ಹೋಲಿಸಬೇಕು. ತಾಳೆಯಾಗದಿದ್ದರೆ ಅಚ್ಚನ್ನು ಅಲ್ಲಿಗೇ ಬಿಟ್ಟು, ಮಾಮೂಲಿ ಉಪಕರಣಗಳನ್ನು ಕೈಗೆತ್ತಿಕೊಳ್ಳಬೇಕು. ಅವು ಆ ದಿನ ಆಪರೇಷನ್ ಥಿಯೇಟರಿನಲ್ಲಿ ಸಿದ್ಧವಾಗಿರಲೇಬೇಕು.