ಬೀಚಿಗೆ ಬೆನ್ನು ಹಾಕಿ ಕಂಡ ಗೋವಾ

ನಮಸ್ಕಾರ. ಹುಬ್ಬಳ್ಳಿ, ಧಾರವಾಡದ ಕಡೆಯಿಂದ ಅನಮೋಡ ಘಾಟಿ ಇಳಿದು ಗೋವಾಕ್ಕೆ ಹೋಗುವ ನಮ್ಮವರಲ್ಲಿ ಹೆಚ್ಚಿನವರು ಮೊಲೆಂ ದಾಟಿದ ಮೇಲೆ ಕಲಂಗುಟ್, ಬಾಗಾ ಮುಟ್ಟುವ ತನಕ ಗಾಡಿ ನಿಲ್ಲಿಸುವುದಿಲ್ಲ. ಈ ವ್ಲಾಗ್‌ನಲ್ಲಿ ಕಡಲತೀರವೇ ಇಲ್ಲ. ಗೋವಾವನ್ನು ಕದಂಬರು ಆಳಿದ ಕಾಲದ ಗುರುತುಗಳಲ್ಲಿ ಉಳಿದಷ್ಟನ್ನು ನೋಡಿಬರುವುದು ಈ ಪ್ರಯಾಣದ ಉದ್ದೇಶ.

ಮೊಲೆಂನಿಂದ ಉತ್ತರಕ್ಕೆ ಹೊರಳಿ ಕಾಡಿನ ಕಿರಿದಾದ ರಸ್ತೆಯಲ್ಲಿ ಸಾಗಿದರೆ ತಾಂಬಡಿ ಸುರ್ಲಾದ ಮಹಾದೇವ ದೇವಾಲಯ ಸಿಗುತ್ತದೆ. ಹಳೇಬೀಡನ್ನು ಕಂಡ ಕಣ್ಣಿಗೆ ಇದು ಮೊದಲು ತೀರಾ ಚಿಕ್ಕದೆನಿಸುತ್ತದೆ. ಆದರೆ ಗೋವಾದ ಕದಂಬರು 12-13ನೇ ಶತಮಾನದ ಹೊತ್ತಿಗೆ ಕಟ್ಟಿಸಿದ ಕಲ್ಲಿನ ದೇವಾಲಯಗಳಲ್ಲಿ ಈ ನೆಲದಲ್ಲಿ ಹೆಚ್ಚುಕಡಿಮೆ ಇಡಿಯಾಗಿ ಉಳಿದಿರುವುದು ಇದೊಂದೇ. ಗೋವಾ ಕೆಂಪು ಜಂಬಿಟ್ಟಿಗೆಯ ನಾಡು; ಇಲ್ಲಿ ಬಳಸಿರುವ ಕಪ್ಪು ಕಲ್ಲನ್ನು ಘಟ್ಟದ ಮೇಲಿನಿಂದ ಸಾಗಿಸಿ ತಂದಿರಬೇಕೆಂದು ವಿದ್ವಾಂಸರು ಹೇಳುತ್ತಾರೆ. ಮಂಟಪದ ನಡುವೆ ತಲೆಯಿಲ್ಲದ ನಂದಿ, ಅದರ ಮೇಲೆ ಚಾವಣಿಯಲ್ಲಿ ಅರಳಿದ ಕಮಲ. ಸ್ವಲ್ಪ ಬಗ್ಗಿ ನೋಡಿದರೆ ಒಂದು ಕಂಬದ ಬುಡದಲ್ಲಿ ಆನೆಯೊಂದು ಕುದುರೆಯನ್ನು ತುಳಿಯುತ್ತಿರುವ ಪುಟ್ಟ ಕೆತ್ತನೆ ಕಾಣುತ್ತದೆ; ಇದನ್ನು ಗಮನಿಸದೆ ಸೆಲ್ಫಿ ತೆಗೆದುಕೊಂಡು ಹೊರಟುಹೋಗುವವರೇ ಹೆಚ್ಚು. ಗುಡಿ ಪೂರ್ವಕ್ಕೆ ಮುಖ ಮಾಡಿರುವುದರಿಂದ ಒಳಗಿನ ಕೆತ್ತನೆ ನೋಡಲು ಬೆಳಗಿನ ಹೊತ್ತೇ ಸೂಕ್ತ.

ಅಲ್ಲಿಂದ ಮುಂದೆ ನಾವು ಮಾಂಡವಿ ನದಿಯ ದಡಕ್ಕೆ, ನಾರ್ವೆ ಎಂಬ ಊರಿಗೆ ಬರುತ್ತೇವೆ. ಈ ನದಿ ನಮ್ಮ ಖಾನಾಪುರ ತಾಲ್ಲೂಕಿನಲ್ಲಿ ಹುಟ್ಟಿ ಬರುವ ಮಹದಾಯಿಯೇ. ಇಲ್ಲಿನ ಸಪ್ತಕೋಟೇಶ್ವರ ಕದಂಬರ ಆರಾಧ್ಯ ದೈವ. ಅವರ ಚಿನ್ನದ ನಾಣ್ಯಗಳ ಮೇಲೂ ಈ ದೇವರ ಹೆಸರಿದೆ. ಮೂಲ ಗುಡಿ ಇದ್ದದ್ದು ನದಿಯಾಚೆಯ ದಿವಾರ್ ದ್ವೀಪದಲ್ಲಿ. ಅದನ್ನು 16ನೇ ಶತಮಾನದಲ್ಲಿ ಪೋರ್ಚುಗೀಸರು ಕೆಡವಿದ ಮೇಲೆ ದೇವರನ್ನು ಈಚೆ ದಡಕ್ಕೆ ತರಲಾಯಿತು. 1668ರಲ್ಲಿ ಶಿವಾಜಿ ಮಹಾರಾಜರು ಈ ಗುಡಿಯ ಜೀರ್ಣೋದ್ಧಾರ ಮಾಡಿಸಿದರು. ಫೆರಿಯಲ್ಲಿ ದಿವಾರ್‌ಗೆ ದಾಟಿದರೆ ಉಪ್ಪುನೀರು ನುಗ್ಗದಂತೆ ಒಡ್ಡು ಮತ್ತು ತೂಬು ಕಟ್ಟಿಕೊಂಡ ಖಾಜನ್ ಗದ್ದೆಗಳು ಕಾಣುತ್ತವೆ; ಕುಮಟಾ ಕಡೆಯವರಿಗೆ ಅವು ಅಘನಾಶಿನಿಯ ಗಜನಿ ಗದ್ದೆಗಳಂತೆಯೇ ತೋರುತ್ತವೆ. ದ್ವೀಪದ ಇನ್ನೊಂದು ಬದಿಯ ಫೆರಿ ನಮ್ಮನ್ನು ಓಲ್ಡ್ ಗೋವಾದಲ್ಲಿ ಇಳಿಸುತ್ತದೆ. ಅಲ್ಲಿನ ಚರ್ಚುಗಳ ವಿಡಿಯೊಗಳು ಬೇಕಾದಷ್ಟಿವೆ, ಹಾಗಾಗಿ ಮುಂದೆ ಹೋಗೋಣ.

ಕೊನೆಯ ಜಾಗ ಕದಂಬರಿಗಿಂತ ಬಹಳ ಹಳೆಯದು, ನನ್ನ ಮಟ್ಟಿಗೆ ಈ ಇಡೀ ದಾರಿಯಲ್ಲಿ ಅತ್ಯುತ್ತಮವಾದದ್ದು. ದಕ್ಷಿಣದ ಸಾಂಗೆ ತಾಲ್ಲೂಕಿನಲ್ಲಿ, ಕುಶಾವತಿ ನದಿಯ ದಡದ ಉಸಗಾಳಿಮಳದಲ್ಲಿ, ಜಂಬಿಟ್ಟಿಗೆಯ ಹಾಸಿನ ಮೇಲೆ ಇತಿಹಾಸಪೂರ್ವ ಕಾಲದ ಜನರು ಗೂಳಿ, ಜಿಂಕೆ, ನವಿಲುಗಳನ್ನು ಕೊರೆದಿದ್ದಾರೆ. ಪುರಾತತ್ವಜ್ಞರು 1993ರಲ್ಲಿ ಇದನ್ನು ಬೆಳಕಿಗೆ ತಂದರು. ಇಲ್ಲಿ ಸುತ್ತಿನೊಳಗೆ ಸುತ್ತಾಗಿ ಕೊರೆದ ಚಕ್ರವ್ಯೂಹದಂಥ ಚಿತ್ರವೊಂದಿದೆ. ಅದರ ಗೆರೆಗಳು ನಡುಹಗಲಿನ ಬಿಸಿಲಿನಲ್ಲಿ ಕಲ್ಲಿನ ಬಣ್ಣಕ್ಕೇ ಸೇರಿಹೋಗುತ್ತವೆ. ಮೇಲೆ ಒಂದಿಷ್ಟು ನೀರು ಸುರಿದರೆ ನೀರು ಗೆರೆಗುಂಟ ಹರಿದು ಇಡೀ ಆಕೃತಿ ಎದ್ದು ನಿಲ್ಲುತ್ತದೆ.

ಚಿತ್ರಗಳು ನಡೆದಾಡುವ ನೆಲದಲ್ಲೇ ಇರುವುದರಿಂದ ಚಪ್ಪಲಿ ಬಿಟ್ಟು, ಗೆರೆಗಳನ್ನು ತುಳಿಯದೆ ನಡೆಯಿರಿ. ಮಳೆಗಾಲದಲ್ಲಿ ಹೊಳೆ ಉಕ್ಕಿ ಹಾಸಿನ ಮೇಲೆ ಕೆಸರು ಕೂರುತ್ತದೆ. ಆದ್ದರಿಂದ ನವೆಂಬರ್ ನಂತರ ಹೋಗುವುದು ಒಳ್ಳೆಯದು. ಸುತ್ತಮುತ್ತ ಹೋಟೆಲುಗಳು ಕಡಿಮೆ; ಬುತ್ತಿ ಕಟ್ಟಿಕೊಂಡೇ ಹೊರಡಿ.