ಕಾಲೆತ್ತಿದರೆ ಹಾಡು ಮುಗಿಯಿತು

ಕೇಳುಗರಿಗೆ ನಮಸ್ಕಾರ.

ಮೈಸೂರಿನಲ್ಲಿ ನಾನೂ ನನ್ನ ಗೆಳೆಯನೂ ಒಬ್ಬರೇ ಮೇಷ್ಟರ ಹತ್ತಿರ ಪಿಟೀಲು ಕಲಿತವರು. ಜೂನಿಯರ್ ಪರೀಕ್ಷೆ ಆದಮೇಲೆ ನಾನು ಬಿಟ್ಟೆ, ಅವನು ಬಿಡಲಿಲ್ಲ. ಈಗ ಅವನಿರುವುದು ಅಮೆರಿಕದ ನ್ಯಾಶ್‌ವಿಲ್‌ನಲ್ಲಿ. ಅವನ ಮನೆಗೆ ಹೋಗಿದ್ದಾಗ ಒಂದು ಭಾನುವಾರ ಸಂಜೆ, "ಏಳೋ, ಬೇಗ ಹೋದ್ರೆ ಕೂರೋಕೆ ಜಾಗ ಸಿಗತ್ತೆ" ಅಂತ ಪಿಟೀಲಿನ ಪೆಟ್ಟಿಗೆ ಹೆಗಲಿಗೇರಿಸಿ ಹೊರಟೇಬಿಟ್ಟ.

ಹೋದದ್ದು ಸ್ಟೇಷನ್ ಇನ್ ಎಂಬ ಜಾಗಕ್ಕೆ. 1974ರಲ್ಲಿ ಶುರುವಾದದ್ದು. ಸುತ್ತ ಗಾಜಿನ ಎತ್ತರದ ಕಟ್ಟಡಗಳು ಎದ್ದಿವೆ, ನಡುವೆ ಇದೊಂದು ಕಲ್ಲುಗೋಡೆಯ ತಗ್ಗು ಮನೆ ಹಾಗೇ ಉಳಿದಿದೆ. ಒಳಗೆ ಹಳೇ ಮೇಜು ಕುರ್ಚಿ, ಪಾಪ್‌ಕಾರ್ನ್ ವಾಸನೆ. ಭಾನುವಾರ ರಾತ್ರಿ ಟಿಕೆಟ್ ಇಲ್ಲ. ವಾದ್ಯ ತಂದವರು ಕುರ್ಚಿಗಳನ್ನು ದುಂಡಗೆ ಎಳೆದುಕೊಂಡು ಕೂತು ಬ್ಲೂಗ್ರಾಸ್ ಎಂಬ ಅಮೆರಿಕದ ತಂತಿವಾದ್ಯಗಳ ಸಂಗೀತ ನುಡಿಸುತ್ತಾರೆ. ಇದಕ್ಕೆ ಜ್ಯಾಮ್ ಅನ್ನುತ್ತಾರೆ.

ಈ ಸಂಗೀತಕ್ಕೆ ಹೆಸರು ಬಂದದ್ದು ಬಿಲ್ ಮನ್ರೋ ಅವರ ತಂಡದಿಂದ. ಅವರು 1911ರಲ್ಲಿ ಕೆಂಟಕಿಯ ರೋಸೀನ್ ಎಂಬ ಹಳ್ಳಿಯಲ್ಲಿ ಹುಟ್ಟಿದವರು. ಕೆಂಟಕಿಗೆ ಬ್ಲೂಗ್ರಾಸ್ ರಾಜ್ಯ ಎಂಬ ಅಡ್ಡಹೆಸರಿದೆ, ಅದನ್ನೇ ತಂಡಕ್ಕೆ ಇಟ್ಟರು. ಪಿಟೀಲು ನುಡಿಸುತ್ತಿದ್ದ ಸೋದರಮಾವನಿಂದಲೂ, ಆರ್ನಲ್ಡ್ ಶುಲ್ಟ್ಸ್ ಎಂಬ ಕಪ್ಪು ಜನಾಂಗದ ಗಿಟಾರ್ ವಾದಕರಿಂದಲೂ ಅವರು ಕಲಿತರು. 1945ರ ಡಿಸೆಂಬರಿನಲ್ಲಿ ಅರ್ಲ್ ಸ್ಕ್ರಗ್ಸ್ ಎಂಬ ತರುಣ ಬ್ಯಾಂಜೋ ಎಂಬ ತಂತಿವಾದ್ಯ ಹಿಡಿದು ತಂಡ ಸೇರಿದ. ಮೂರು ಬೆರಳಲ್ಲಿ ಮಳೆ ಸುರಿದಂತೆ ಅವನು ನುಡಿಸಿದ್ದನ್ನು ಜನ ಕೇಳಿದ್ದು ರೇಡಿಯೋದಲ್ಲಿ. ಇದೇ ನ್ಯಾಶ್‌ವಿಲ್‌ನ ರೈಮನ್ ಸಭಾಂಗಣದಿಂದ ಬರುತ್ತಿದ್ದ ನೇರ ಪ್ರಸಾರದಲ್ಲಿ! ಬಾನುಲಿಯಲ್ಲಿ ಕೂತು ಇದನ್ನು ಹೇಳುವಾಗ ನನಗೆ ಹೆಮ್ಮೆಯೇ ಆಗುತ್ತದೆ.

ಆಫ್ರಿಕಾದಿಂದ ಗುಲಾಮರಾಗಿ ಬಂದವರು ಸೋರೆಬುರುಡೆಗೆ ಚರ್ಮ ಬಿಗಿದು ಮಾಡಿಕೊಂಡ ವಾದ್ಯವೇ ಬ್ಯಾಂಜೋದ ಮೂಲ. ಅದರ ಐದನೇ ತಂತಿ ಗಿಡ್ಡ. ಎಡಗೈ ಅದನ್ನು ಸಾಮಾನ್ಯವಾಗಿ ಒತ್ತುವುದಿಲ್ಲ. ನಡುನಡುವೆ ಅದೊಂದೇ ಸ್ವರ ಮಿನುಗುತ್ತಿರುತ್ತದೆ. ತಂಬೂರಿ ಕೇಳಿ ಬೆಳೆದ ಕಿವಿಗೆ ಅದು ತಟ್ಟನೆ ಸಿಕ್ಕಿತು. ತಾಳವಾದ್ಯ ಇಲ್ಲವೇ ಇಲ್ಲ. ಆಳೆತ್ತರದ ಪಿಟೀಲಿನಂಥ ಬಾಸ್ ವಾದ್ಯ 'ತಾ' ಅಂದರೆ, ಎದುರೇಟಿಗೆ ಮ್ಯಾಂಡೊಲಿನ್ 'ಟಕ್' ಅಂತ ಕಡಿಯುತ್ತದೆ. ಇಷ್ಟರಲ್ಲೇ ಕುದುರೆ ಓಟ.

ನನ್ನ ಗೆಳೆಯನಿಗೆ ಇದು ಸುಲಭಕ್ಕೆ ಒಲಿಯಲಿಲ್ಲ. ನಾವು ಕಲಿತದ್ದು ನೆಲದ ಮೇಲೆ ಕೂತು, ಪಿಟೀಲಿನ ತಲೆಯನ್ನು ಪಾದಕ್ಕೆ ಊರಿ, ಸ-ಪ-ಸ-ಪ ಶ್ರುತಿಗೆ. ಅಲ್ಲಿ ಗದ್ದದ ಕೆಳಗೆ ಹಿಡಿಯಬೇಕು, ಒಂದೊಂದು ತಂತಿಗೂ ಪಂಚಮದ ಅಂತರ. ನಲವತ್ತು ದಾಟಿದ ಮೇಲೆ ಅವನು ಕೈಯನ್ನು ಹೊಸದಾಗಿ ಪಳಗಿಸಿದ. ತಿಂಗಳುಗಟ್ಟಲೆ ಹೊರಸುತ್ತಿನಲ್ಲಿ ಕೂತು ಮೆಲ್ಲಗೆ ಜೊತೆಗೂಡಿದ್ದನಂತೆ, ಅಷ್ಟೇ.

ಜ್ಯಾಮಿನಲ್ಲಿ ಒಬ್ಬೊಬ್ಬರು ಸರದಿಯ ಮೇಲೆ ಒಂಟಿಯಾಗಿ ನುಡಿಸುತ್ತಾರೆ. ಅದಕ್ಕೆ ಬ್ರೇಕ್ ಎಂದು ಹೆಸರು. ಒಬ್ಬರದ್ದು ನಡೆಯುವಾಗ ಉಳಿದವರೆಲ್ಲ ದನಿ ಇಳಿಸುತ್ತಾರೆ. ಎಷ್ಟು ಇಳಿಸುತ್ತಾರೆಂದರೆ, ಎದುರಿನವರ ಬೆರಳು ತಂತಿಗೆ ತಾಗುವುದೂ ಕೇಳಬೇಕು. ನನ್ನ ಕಣ್ಣಿಗೆ ಆ ರಾತ್ರಿಯ ದೊಡ್ಡ ವಿದ್ಯೆ ಅದೇ. ವೇಗ ಬೆರಗು ಹುಟ್ಟಿಸಿತು, ನಿಜ. ಆದರೆ ಮನಸ್ಸು ಕರಗಿದ್ದು ಆ ತಗ್ಗುವಿಕೆಗೆ.

ಹತ್ತು ಗಂಟೆಯ ಸುಮಾರಿಗೆ, ಹಾಡು ಎತ್ತಿಕೊಂಡಿದ್ದ ಬಿಳಿಗೂದಲ ಗಿಟಾರಿನ ಅಜ್ಜಿ ನನ್ನ ಗೆಳೆಯನ ಕಡೆ ತಲೆಯಾಡಿಸಿದರು. ಬೇಡವೆಂದರೆ ತಲೆ ಅಲ್ಲಾಡಿಸಿ ದಾಟಿಸಬಹುದು, ಯಾರೂ ಬೇಜಾರು ಮಾಡಿಕೊಳ್ಳುವುದಿಲ್ಲ. ಅವನು ಕಮಾನು ಎತ್ತಿದ. ಬ್ಯಾಂಜೋ ತಗ್ಗಿತು, ಮ್ಯಾಂಡೊಲಿನ್ ಪಿಸುಗುಟ್ಟಿತು. ಮೊದಲ ಸಾಲು ನೇರವಾಗಿ ಬಂತು. ಎರಡನೆಯದರಲ್ಲಿ ಒಂದು ಜಾರು, ಅದು ಮಾತ್ರ ನಮ್ಮ ಮೇಷ್ಟರದ್ದೇ! ಗಮಕದ ಆ ಎಳೆ ಕೇಳಿ ಪಕ್ಕದ ಬಾಸಿನವನು ನಕ್ಕು ಅವನತ್ತ ವಾಲಿದ. ನನ್ನ ಕಣ್ಣು ಒದ್ದೆಯಾಯಿತು.

ಕೊನೆಯ ಸುತ್ತು ಬಂತೆಂದು ತಿಳಿಸಲು ಹಾಡು ನಡೆಸುವವರು ಒಂದು ಕಾಲನ್ನು ಮುಂದಕ್ಕೆ ಎತ್ತುತ್ತಾರೆ. ಅಜ್ಜಿ ಎತ್ತಿದರು. ಹದಿನೈದು ವಾದ್ಯಗಳು ಒಂದೇ ಏಟಿಗೆ ನಿಂತವು. ಗೆಳೆಯ ಕಮಾನನ್ನು ತಂತಿಯ ಮೇಲೇ ಇಟ್ಟುಕೊಂಡು ನನ್ನನ್ನು ಹುಡುಕಿ ನೋಡಿದ. ಅಷ್ಟರಲ್ಲಿ ಆಚೆ ತುದಿಯಿಂದ ಯಾರೋ ಮುಂದಿನ ಹಾಡಿನ ಶ್ರುತಿ ಕೂಗಿದರು.